ರೇಣುಕಪ್ಪನ ಕೊನೆಯ ಕಾಲು ಸುತ್ತು

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ನಡೆದರೆ ರೇಣುಕಪ್ಪನ ಅಂಗಡಿ. ಬೋರ್ಡಿನ ಮೇಲೆ ಏನೋ ಎಂಜಿನಿಯರಿಂಗ್ ವರ್ಕ್ಸ್ ಎಂದು ಬರೆದಿದೆ, ಅದನ್ನು ಓದಿದವರು ಕಡಿಮೆ. ಅಡಿಕೆಗೆ ಔಷಧಿ ಹೊಡೆಯುವ ಪಂಪು ಕೆಟ್ಟರೆ "ರೇಣುಕಪ್ಪನ ಹತ್ರ ತಗೊಂಡು ಹೋಗು" ಎನ್ನುತ್ತಾರೆ, ಅಷ್ಟೇ. ಕೊಪ್ಪದಲ್ಲಿ ಅಂಥ ಅಂಗಡಿ ನಾಲ್ಕಿದ್ದರೂ ಅಲ್ಲಿನವರು ಬಸ್ಸಿಗೆ ಹಾಕಿಕೊಂಡು ಇಲ್ಲಿಗೇ ತರುತ್ತಿದ್ದರು. ಕಾರಣ ಒಂದೇ. ರೇಣುಕಪ್ಪ ಬಿಗಿದ ಹೋಸು ಬಿಟ್ಟುಕೊಳ್ಳುವುದಿಲ್ಲ.

ನಾನು ವೆಂಕಟರಮಣ, ಭದ್ರಾ ಹಿನ್ನೀರಿನ ದಂಡೆಯಲ್ಲಿ ನಮ್ಮ ಊರಿನ ಏತ ನೀರಾವರಿ ಸಂಘದ ಪಂಪ್ ಆಪರೇಟರ್. ಮೋಟರು, ಗ್ಲ್ಯಾಂಡು, ಬೇರಿಂಗು ಅಂತ ತಿಂಗಳಿಗೆರಡು ಸಲವಾದರೂ ಅವನ ಅಂಗಡಿಯ ಮುರುಕು ಸ್ಟೂಲಿನ ಮೇಲೆ ಕೂತು ಇಪ್ಪತ್ತು ವರ್ಷ ಕಳೆದಿದ್ದೇನೆ. ನನ್ನ ಬಾಯಿ ಒಳ್ಳೆಯದಲ್ಲ ಎಂದು ನನ್ನ ಹೆಂಡತಿಯೂ ಹೇಳುತ್ತಾಳೆ, ಸಂಘದ ಅಧ್ಯಕ್ಷರೂ ಹೇಳುತ್ತಾರೆ. ಇರಲಿ. ಆದರೆ ರೇಣುಕಣ್ಣನ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ.

ಅವನು ಬಿಗಿಯುವುದನ್ನು ನೋಡಬೇಕಿತ್ತು. ಮೊದಲು ಥ್ರೆಡ್ಡಿಗೆ ಬಿಳಿ ಟೇಪು ಆರು ಸುತ್ತು. ಆಮೇಲೆ ಸ್ಪ್ಯಾನರ್. ಸ್ಪ್ಯಾನರಿನ ಹಿಡಿಗೆ ಒಂದೂವರೆ ಅಡಿಯ ಕಬ್ಬಿಣದ ಪೈಪು ಸೇರಿಸಿ, ಎಡಗಾಲನ್ನು ಗೋಡೆಗೆ ಕೊಟ್ಟು, ಕತ್ತಿನ ನರ ಉಬ್ಬುವವರೆಗೆ ಎಳೆಯುತ್ತಿದ್ದ. ಆಯಿತು ಅಂದುಕೊಂಡರೆ ಆಗಿರುತ್ತಿರಲಿಲ್ಲ. ಒಂದು ಸಲ ಉಸಿರು ಬಿಟ್ಟು, ಕೈ ಒರೆಸಿಕೊಂಡು, ಕೊನೆಗೆ ಇನ್ನೊಂದು ಕಾಲು ಸುತ್ತು. "ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ಯಾಕೆ ಮಾರಾಯ?" ಎಂದು ನಾನು ಕೇಳಿದರೆ, "ನೀನು ಸುಮ್ನೆ ಟೀ ಕುಡಿ" ಎನ್ನುತ್ತಿದ್ದ.

ಮನೆಯಲ್ಲೂ ಅದೇ. ಹೆಂಡತಿ ಅನ್ನಪೂರ್ಣಮ್ಮ ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ತೆಗೆಸಿಕೊಳ್ಳಲು ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಹೋಗಬೇಕು. ಬಚ್ಚಲಿನ ನಲ್ಲಿಯ ವಾಷರು ತಿಂಗಳಿಗೊಂದು. ಗ್ಯಾಸಿನ ರೆಗ್ಯುಲೇಟರನ್ನು ರಾತ್ರಿ ಮಲಗುವ ಮೊದಲು ಮೂರು ಸಲ ಮುಟ್ಟಿ ನೋಡುತ್ತಿದ್ದ. ಮಗಳು ನಿಶ್ಚಿತಾ ಒಮ್ಮೆ, "ಅಪ್ಪ, ನನ್ನ ಜಡೆ ಮಾತ್ರ ನೀನು ಹಾಕಬೇಡ" ಅಂದದ್ದನ್ನು ಅನ್ನಪೂರ್ಣಮ್ಮ ಈಗಲೂ ಹೇಳಿ ನಗುತ್ತಾರೆ.

ನಾನೂ ನಗುತ್ತಿದ್ದೆ, ಕಾರಣ ಗೊತ್ತಾಗುವವರೆಗೆ. ಅದನ್ನು ಅವನು ಹೇಳಿದ್ದಲ್ಲ, ಸೀತೂರಿನವರು ಹೇಳಿದ್ದು. ರೇಣುಕಪ್ಪನಿಗೆ ಆಗ ಇಪ್ಪತ್ತೆರಡು ವರ್ಷ, ಅಂಗಡಿ ಹೊಸದು. ಸೀತೂರಿನ ಒಂದು ತೋಟದಲ್ಲಿ ಔಷಧಿ ಹೊಡೆಯುವ ದಿನ ಹೋಸನ್ನು ಔಷಧಿ ಚಿಮ್ಮಿಸುವ ಗನ್ನಿಗೆ ಜೋಡಿಸಿದವನು ಅವನೇ. ಸ್ಪ್ಯಾನರನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದ. ಬೆರಳಲ್ಲೇ ತಿರುಗಿಸಿ, ಸಾಕು ಅಂದುಕೊಂಡ. ಘಟ್ಟದ ಕೆಳಗಿನಿಂದ ಬಂದ ಕೊರಗ ಎಂಬ ಆಳು ಮರ ಹತ್ತಿದ. ಐವತ್ತು ಅಡಿ ಮೇಲೆ ಆ ಜೋಡಣೆ ಕಳಚಿತು. ಸುಣ್ಣ ಮತ್ತು ಮೈಲುತುತ್ತದ ನೀರು ಅಷ್ಟು ಜೋರಿನಲ್ಲಿ ಕೊರಗನ ಮುಖಕ್ಕೇ ಹೊಡೆಯಿತು. ಅವನು ಮರವನ್ನು ತಬ್ಬಿಕೊಂಡು ಜಾರಿ ಇಳಿದು ಜೀವ ಉಳಿಸಿಕೊಂಡ. ಎಡಗಣ್ಣು ಉಳಿಯಲಿಲ್ಲ.

ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಎನ್ನುತ್ತಾರೆ. ರೇಣುಕಪ್ಪನಿಗೆ ಸಡಿಲ ಎಂಬ ಮಾತೇ ಭಯ. ಅಂದಿನಿಂದ ಅವನು ಬಿಗಿದದ್ದೆಲ್ಲ ಆ ಒಂದು ಕಣ್ಣಿನ ಲೆಕ್ಕಕ್ಕೆ. ಜನ ಅದನ್ನು ಕೈಗುಣ ಎಂದರು, ಹೆಸರಾಯಿತು, ಅಂಗಡಿ ಬೆಳೆಯಿತು. ಹೆದರಿಕೆಯಿಂದ ಬಂದ ಹೆಸರು ಎಂದು ಯಾರಿಗೂ ಹೊಳೆಯಲಿಲ್ಲ.

ಎರಡು ಸಾವಿರದ ಎಂಟರ ಏಪ್ರಿಲ್ ತಿಂಗಳಲ್ಲಿ ನಮ್ಮ ಸಂಘದ ಪಂಪು ನೀರು ಎಳೆಯುವುದನ್ನು ನಿಲ್ಲಿಸಿತು. ನಮ್ಮ ಪಂಪು ಕೂತಿರುವುದು ದಂಡೆಯಲ್ಲಿ ಕಟ್ಟಿದ ಕಾಂಕ್ರೀಟ್ ಬಾವಿಯ ಮೇಲೆ. ಹಿನ್ನೀರಿನಿಂದ ಒಂದು ದೊಡ್ಡ ಪೈಪಿನ ಮೂಲಕ ಬಾವಿಗೆ ನೀರು ಬರುತ್ತದೆ, ಬಾವಿಯ ತಳದಲ್ಲಿ ಪಂಪು ನೀರು ಎಳೆದುಕೊಳ್ಳುವ ಬಾಯಿ, ಫುಟ್‌ವಾಲ್ವ್, ಇದೆ. ಯಾರೋ ಹಿನ್ನೀರಿನಲ್ಲಿ ಬಿಟ್ಟುಹೋದ ಹಳೆಯ ಮೀನಿನ ಬಲೆ ಪೈಪಿನೊಳಗೆ ತೂರಿ ಬಂದು, ಫುಟ್‌ವಾಲ್ವಿಗೆ ಹೆಣದ ಬಟ್ಟೆಯಂತೆ ಸುತ್ತಿಕೊಂಡಿತ್ತು. ಪಂಪಿನ ಪೈಪನ್ನೇ ಎತ್ತೋಣವೆಂದರೆ ತುಕ್ಕು ಹಿಡಿದ ಬೋಲ್ಟು ಒಂದೂ ಕದಲಲಿಲ್ಲ. ಈಜು ಬಲ್ಲವರು ಮುಳುಗಿ ನೋಡಿದರು. ಮೂವತ್ತೈದು ಅಡಿ ನೀರು, ಅರ್ಧಕ್ಕೆ ಹೋಗಿ ಕಿವಿ ಹಿಡಿದುಕೊಂಡು ಮೇಲೆ ಬಂದರು. ಎಂಬತ್ತು ಮನೆಯ ತೋಟ ಹನ್ನೊಂದು ದಿನದಿಂದ ಒಣಗುತ್ತಿತ್ತು.

ಆಗ ಅಧ್ಯಕ್ಷ ಸೋಮಶೇಖರಪ್ಪನವರಿಗೆ ಭಂಡಿಗಡಿಯ ತಿಮ್ಮಪ್ಪನವರ ಮಗ ರಾಕೇಶನ ನೆನಪಾಯಿತು. ತುಂಗೆಯಲ್ಲಿ ಈಜು ಕಲಿತ ಹುಡುಗ, ಈಗ ಕಾರವಾರದ ಕಡೆ ಹಡಗುಗಳ ತಳ ನೋಡುವ ಕೆಲಸ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಗಂಟೆಗಟ್ಟಲೆ ಇರುತ್ತಾನಂತೆ. ರಜೆಗೆ ಬಂದಿದ್ದ. ಕೇಳಿದ್ದೇ ತಡ, ಒಪ್ಪಿದ. ಜೀಪಿನಲ್ಲಿ ಸಾಮಾನು ಹೇರಿಕೊಂಡು, ಮಗ ಬೇಡವೆಂದರೂ ಕೇಳದೆ ಜೊತೆಗೆ ಹತ್ತಿದ ತಿಮ್ಮಪ್ಪನವರನ್ನೂ ಕೂರಿಸಿಕೊಂಡು, ಬೆಳಿಗ್ಗೆ ಒಂಬತ್ತಕ್ಕೆ ಬಾವಿಯ ಹತ್ತಿರ ಬಂದಿಳಿದ. ರೇಣುಕಪ್ಪನೂ ಅಲ್ಲಿದ್ದ. ನೀರು ಬಂದ ಕೂಡಲೇ ಪಂಪು ಚಾಲೂ ಆಗಬೇಕೆಂದು ನೀರು ಸೋರದಂತೆ ತಡೆಯುವ ಗ್ಲ್ಯಾಂಡಿಗೆ ಹೊಸ ಹಗ್ಗ ತುಂಬಲು ನಾನೇ ಕರೆಸಿದ್ದೆ. ನಾನು ಕರೆಸದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ರಾಕೇಶ ಸಾಮಾನು ಬಿಚ್ಚಿದ. ಸಿಲಿಂಡರಿನ ತಲೆಗೆ ಒಂದು ಹಿತ್ತಾಳೆಯ ಗಡ್ಡೆ ಕೂರುತ್ತದೆ, ಅದೇ ರೆಗ್ಯುಲೇಟರು. ನಮ್ಮ ಅಡುಗೆಮನೆಯ ಗ್ಯಾಸಿನದರ ದೊಡ್ಡಣ್ಣ ಅಂದುಕೊಳ್ಳಿ. ಅದರಿಂದ ಒಂದು ಕಪ್ಪು ಹೋಸು ಹೊರಟು ಬಾಯಲ್ಲಿ ಕಚ್ಚಿಕೊಳ್ಳುವ ಮೂತಿಗೆ ಹೋಗುತ್ತದೆ. ಸಿಲಿಂಡರ್ ತಿರುಗಿಸಿದ್ದೇ ಹೋಸಿನ ಬುಡದಲ್ಲಿ ಬುಸ್ ಎಂದಿತು. ಘಟ್ಟದ ರಸ್ತೆಯ ಕುಲುಕಾಟಕ್ಕೆ ಸಡಿಲಾಗಿರಬೇಕು. ಅವನ ಪುಟ್ಟ ಸ್ಪ್ಯಾನರು ಚೀಲದಲ್ಲಿರಲಿಲ್ಲ.

"ರೇಣುಕಪ್ಪಣ್ಣ ಇದಾರಲ್ಲ, ಮತ್ತೆಂತಕ್ಕೆ ಚಿಂತೆ?" ಎಂದರು ತಿಮ್ಮಪ್ಪನವರು. ಅವರ ಮನೆಯ ಔಷಧಿ ಪಂಪು ಹದಿನೈದು ವರ್ಷದಿಂದ ರೇಣುಕಪ್ಪನ ಕೈಯದ್ದೇ.

ರಾಕೇಶ ರೆಗ್ಯುಲೇಟರನ್ನು ಕಳಚಿ ರೇಣುಕಪ್ಪನ ಕೈಗೆ ಕೊಟ್ಟು, "ಸ್ವಲ್ಪ ಬಿಗಿ ಮಾಡಿ ಸಾಕು, ರೇಣುಕಪ್ಪಣ್ಣ" ಎಂದು ರಬ್ಬರಿನ ಅಂಗಿ ತೊಡಲು ಜೀಪಿನ ಹಿಂದೆ ಹೋದ. ಸ್ವಲ್ಪ ಅಂದರೆ ಎಷ್ಟು ಎಂದು ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಎರಡು ನಿಮಿಷದ ಕೆಲಸ. ನಾನು ಬಾವಿಯ ಕಟ್ಟೆಯ ಮೇಲೆ ಹಗ್ಗ ಬಿಚ್ಚುತ್ತಿದ್ದೆ. ರೇಣುಕಪ್ಪ ಹೋಸನ್ನು ಪೂರ್ತಿ ಬಿಚ್ಚಿ, ಥ್ರೆಡ್ಡಿಗೆ ಬಿಳಿ ಟೇಪು ಸುತ್ತಿ, ರೆಗ್ಯುಲೇಟರನ್ನು ಪಂಪ್‌ಹೌಸಿನ ಇಕ್ಕಳದಂಥ ವೈಸಿಗೆ ಕಚ್ಚಿಸಿದ್ದನ್ನು ಕಂಡೆ. ಸ್ಪ್ಯಾನರಿಗೆ ಪೈಪು ಸೇರಿಸಿದ್ದನ್ನೂ ಕಂಡೆ. ಎಂದಿನದೇ ಅಂದುಕೊಂಡೆ. ಕಾಲು ಸುತ್ತು ಎಳೆದ ಮೇಲೆ ಅವನು ತಟ್ಟನೆ ನಿಂತು ಹೋಸಿನ ಬುಡವನ್ನೇ ನೋಡುತ್ತಿದ್ದ. ಅದನ್ನೂ ನಾನು ಕಂಡೆ, ಆದರೆ ಲಕ್ಷ್ಯ ಕೊಡಲಿಲ್ಲ.

ರಾಕೇಶ ಬಂದು ಜೋಡಿಸಿ ಗಾಳಿ ಬಿಟ್ಟ. ಬುಸ್ ಅನ್ನುವ ಸದ್ದೇ ಇಲ್ಲ.

"ನೋಡಿದ್ರಾ? ರೇಣುಕಪ್ಪ್ನೋರ ಕೈ ಬಿದ್ರೆ ಆಯ್ತು" ಎಂದರು ತಿಮ್ಮಪ್ಪನವರು ಸುತ್ತಲಿನವರಿಗೆಲ್ಲ ಕೇಳುವಂತೆ. "ನನ್ ಹೆಂಡ್ತಿ ವನಜಮ್ಮ ಬೆಳಿಗ್ಗಿಂದ ಅಳ್ತಾ ಕೂತಿದ್ಲು. ಫೋನ್ ಮಾಡಿ ಹೇಳ್ತೀನಿ, ರೇಣುಕಪ್ಪ್ನೋರೇ ಬಿಗಿದಿದಾರೆ, ಹೆದ್ರಬೇಡ ಅಂತ."

ನಿಜವಾಗಿಯೂ ಫೋನ್ ಮಾಡಿದರು. ರೇಣುಕಪ್ಪ ಬಾಯಿ ತೆರೆದ, ಏನೋ ಹೇಳುವವನಂತೆ. ಅಷ್ಟರಲ್ಲಿ ಸೋಮಶೇಖರಪ್ಪನವರು "ಹೊತ್ತಾಯ್ತು, ಇಳೀಲಿ ಇಳೀಲಿ" ಎಂದರು.

ಹಗ್ಗದ ಒಂದು ತುದಿ ರಾಕೇಶನ ಸೊಂಟಕ್ಕೆ, ಇನ್ನೊಂದು ನನ್ನ ಕೈಗೆ. ಒಂದು ಸಲ ಎಳೆದರೆ ಎಲ್ಲ ಸರಿ ಎಂದು, ನಾವು ನಾಲ್ಕು ಸಲ ಎಳೆದರೆ ಮೇಲೆ ಬಾ ಎಂದು, ಅವನು ಎಳೆದರೆ ಮೇಲಕ್ಕೆಳೆಯಿರಿ ಎಂದು. ಕಬ್ಬಿಣದ ಮೆಟ್ಟಿಲು ಇಳಿದು ಅವನು ಕಪ್ಪು ನೀರಿನಲ್ಲಿ ಸೇರಿಹೋದ. ಗುಳ್ಳೆಗಳು ಗುಂಪು ಗುಂಪಾಗಿ ಮೇಲೆ ಬಂದು ಒಡೆಯತೊಡಗಿದವು. ಅವನು ಉಸಿರಾಡುತ್ತಿದ್ದಾನೆ ಎನ್ನುವುದಕ್ಕೆ ನಮಗಿದ್ದ ಗುರುತು ಅದೊಂದೇ. ಐದು ನಿಮಿಷಕ್ಕೆ ಒಂದು ಎಳೆತ ಬಂತು. ನಾನೂ ಒಂದು ಕೊಟ್ಟೆ.

ರೇಣುಕಪ್ಪ ನನ್ನ ಪಕ್ಕದಲ್ಲಿ ಬಂದು ಕೂತ. ಅಂಗೈಯನ್ನು ಪಂಚೆಗೆ ಒರೆಸಿದ. ಮತ್ತೆ ಒರೆಸಿದ. ಬಿಸಿಲಿನಲ್ಲೂ ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನ್ ರೇಣುಕಣ್ಣ, ನೀನೇ ಮುಳುಗಿದಂಗೆ ಆಡ್ತಿದೀಯಲ್ಲ?" ಎಂದೆ.

ಅವನು ಬಾವಿಯೊಳಗೇ ನೋಡುತ್ತಾ, ಪಿಸುಮಾತಿನಲ್ಲಿ ಹೇಳಿದ. "ರಮಣ, ಕೊನೇ ಕಾಲು ಸುತ್ತು ಮೆತ್ತಗೆ ಬಂತು ಕಣೋ."

ಸ್ಪ್ಯಾನರು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ. ನಟ್ಟು ಬಿಗಿಯುತ್ತಾ ಹೋದಂತೆ ಗಟ್ಟಿಯಾಗುತ್ತಾ ಬರಬೇಕು. ಗಟ್ಟಿಯಾಗಿದ್ದದ್ದು ಇದ್ದಕ್ಕಿದ್ದಂತೆ ಬೆಣ್ಣೆಯ ಹಾಗೆ ಸರಾಗ ತಿರುಗಿತೆಂದರೆ ಒಳಗೆ ಹಿತ್ತಾಳೆ ಬಿರಿಯಲು ಶುರುವಾಗಿದೆ ಎಂದರ್ಥ. ಹೊರಗೆ ಏನೂ ಕಾಣುವುದಿಲ್ಲ, ಸೋರುವುದೂ ಇಲ್ಲ. ಇವತ್ತು ನಿಲ್ಲುತ್ತದೆ, ನಾಳೆ ಒಂದು ಸಣ್ಣ ತಿರುಚಿಗೆ ಕಟ್ ಎನ್ನುತ್ತದೆ. ಔಷಧಿ ಪಂಪಿನ ಹೋಸಿನ ಬಾಯಿ ದಪ್ಪ, ಎಷ್ಟು ಎಳೆದರೂ ತಡೆಯುತ್ತದೆ. ಇದು ಕಿರುಬೆರಳಿನಷ್ಟು.

ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. "ಇಷ್ಟೊತ್ತು ಬಾಯಲ್ಲಿ ಏನಿಟ್ಕೊಂಡಿದ್ದೆ? ಮೊದ್ಲೇ ಹೇಳಕ್ಕೆ ಏನಾಗಿತ್ತು ನಿಂಗೆ?"

"ಅವ್ರಪ್ಪ ಫೋನ್ ಮಾಡ್ತಿದ್ರು..." ಎಂದ. ಅಷ್ಟೇ ಹೇಳಲು ಅವನಿಂದ ಆದದ್ದು.

ನಾನು ಹಗ್ಗವನ್ನು ನಾಲ್ಕು ಸಲ ಎಳೆದೆ. ಕೆಳಗಿನಿಂದ ಒಂದು ಎಳೆತ ಬಂತು. ಎಲ್ಲ ಸರಿ ಇದೆ ಎನ್ನುತ್ತಿದ್ದ ಹುಡುಗ, ಪಾಪ. ಕೆಲಸ ಅರ್ಧ ಆಗಿರಬೇಕು, ಬಿಟ್ಟು ಬರಲು ಮನಸ್ಸಿಲ್ಲ. ಮತ್ತೆ ನಾಲ್ಕು ಎಳೆದೆ, ಜೋರಾಗಿ. ಈ ಸಲ ಹಗ್ಗ ಸ್ವಲ್ಪ ಸಡಿಲವಾಯಿತು. ಬರುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಬಾವಿಯ ಆಳದಲ್ಲಿ ಟಪ್ ಎಂದು ಒಂದು ಸದ್ದಾಯಿತು. ದೊಡ್ಡದೇನಲ್ಲ, ಒಣ ಕಡ್ಡಿ ಮುರಿದ ಹಾಗೆ. ಮರುಕ್ಷಣ ಬಾವಿಯ ನೀರೆಲ್ಲ ಕುದಿಯತೊಡಗಿತು.

ಆ ನೊರೆ, ಆ ಅಬ್ಬರ ಈಗಲೂ ನನ್ನ ಕಿವಿಯಲ್ಲಿದೆ. ಸಿಲಿಂಡರಿನ ಗಾಳಿಯೆಲ್ಲ ಒಂದೇ ಉಸಿರಿನಲ್ಲಿ ಮೇಲೆ ಬರುತ್ತಿತ್ತು, ಅವನ ಬಾಯಿಗಲ್ಲ, ನಮ್ಮ ಕಣ್ಣೆದುರಿಗೆ. ನಾನೂ ರೇಣುಕಪ್ಪನೂ ಒಟ್ಟಿಗೆ ಹಗ್ಗ ಎಳೆದೆವು. ಮೂರು ಮಾರು ಬಂತು, ನಿಂತಿತು. ಬಲೆ ಹಿಡಿದುಕೊಂಡಿದೆ. ಸೋಮಶೇಖರಪ್ಪನವರೂ ಕೈಹಾಕಿದರು. ಹಗ್ಗ ತಂತಿಯಂತೆ ಬಿಗಿಯಿತೇ ಹೊರತು ಕದಲಲಿಲ್ಲ. ತಿಮ್ಮಪ್ಪನವರು ಕಟ್ಟೆಗೆ ಬಗ್ಗಿ, "ರಾಕೇಶ! ಏ ರಾಕೇಶ!" ಎಂದು ನೀರಿಗೆ ಕೂಗುತ್ತಿದ್ದರು. ನೀರಿನೊಳಗಿದ್ದವನಿಗೆ ಹೇಗೆ ಕೇಳಿಸಬೇಕು? ರೇಣುಕಪ್ಪ ಏನೋ ಗೊಣಗುತ್ತಿದ್ದ. ದೇವರ ಹೆಸರಿರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು, ಅವನು ಸೆಕೆಂಡು ಎಣಿಸುತ್ತಿದ್ದ. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು.

ಗುಳ್ಳೆಗಳು ಕಡಿಮೆಯಾಗುತ್ತಾ ಬಂದವು. ಅದಕ್ಕಿಂತ ಭಯಂಕರವಾದದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಅಬ್ಬರವೇ ವಾಸಿಯಿತ್ತು.

ನಲವತ್ತು ದಾಟಿದ ಮೇಲೆ ಹಗ್ಗ ಒಮ್ಮೆಲೇ ಬಿಟ್ಟುಕೊಂಡು ನಾವು ಮೂವರೂ ಹಿಂದಕ್ಕೆ ಬಿದ್ದೆವು. ಎದ್ದು ಎಳೆಯುವಷ್ಟರಲ್ಲಿ ರಾಕೇಶನ ತಲೆ ನೀರಿನ ಮೇಲಿತ್ತು. ಬಾಯಿ ಅಗಲಿಸಿ ಎಳೆದುಕೊಂಡ ಆ ಮೊದಲ ಉಸಿರಿನ ಸದ್ದು ಬಾವಿಯೆಲ್ಲ ತುಂಬಿತು. ಚಾಕುವಿನಿಂದ ಬಲೆ ಕತ್ತರಿಸಿಕೊಂಡು ಬಂದಿದ್ದ. ಆತುರಕ್ಕೆ ಎಡಗೈಯ ಅಂಗೈಯನ್ನೂ ಕೊಯ್ದುಕೊಂಡಿದ್ದ. ಬೆನ್ನ ಹಿಂದೆ ಹೋಸು ಸತ್ತ ಹಾವಿನಂತೆ ನೇತಾಡುತ್ತಿತ್ತು. ಅದರ ಬಾಯಿಯ ಹಿತ್ತಾಳೆ ಥ್ರೆಡ್ಡಿನ ಬುಡಕ್ಕೇ ತುಂಡಾಗಿತ್ತು.

ಮೇಲಕ್ಕೆ ತಂದು, ಟವೆಲಿನಲ್ಲಿ ಅಂಗೈ ಕಟ್ಟಿ, ಬಿಸಿ ಕಾಫಿ ಕುಡಿಸಿದೆವು. ಯಾರಾದರೂ ಕೇಳುವ ಮೊದಲೇ ರೇಣುಕಪ್ಪ ಎದ್ದು ನಿಂತ.

"ನಾನೇ ಮುರಿದಿದ್ದು. ಬಿಗಿಯೋವಾಗ್ಲೇ ಗೊತ್ತಾಯ್ತು. ಗೊತ್ತಿದ್ದೂ ಹೇಳ್ಲಿಲ್ಲ. ನೀವೆಲ್ಲ ಹೊಗಳ್ತಾ ಇದ್ರಿ, ನಾಚ್ಕೆ ಆಯ್ತು."

ತಿಮ್ಮಪ್ಪನವರು ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ನಾನು ಬಿಡಿಸುತ್ತಲೂ ಇರಲಿಲ್ಲ. ಅವರು ಹೋಗಿ ಜೀಪಿನ ಮುಂದೆ ಇವನಿಗೆ ಬೆನ್ನು ಹಾಕಿ ನಿಂತರು. ಒಂದು ಏಟಿಗೆ ಅವನು ಬದುಕಿಕೊಳ್ಳುತ್ತಿದ್ದ. ಆ ಬೆನ್ನು ಅವನನ್ನು ಅರೆದುಬಿಟ್ಟಿತು.

"ಸಾಕು ಮಾರಾಯ್ರೆ, ತೋಟ ಹಾಳಾಗ್ಲಿ, ಮನೆಗೆ ಹೋಗನ" ಎಂದರು ಸೋಮಶೇಖರಪ್ಪನವರು. ತಪ್ಪು ಹೇಳಬಾರದು, ಮನಸ್ಸಿಟ್ಟೇ ಹೇಳಿದರು.

ರಾಕೇಶ ಕಾಫಿ ಲೋಟ ಕೆಳಗಿಟ್ಟ. ಮುಕ್ಕಾಲು ಬಲೆ ಕತ್ತರಿಸಿ ಆಗಿದೆಯಂತೆ. ಈಗ ಬಿಟ್ಟರೆ ಉಳಿದ ಚಿಂದಿ ಪಂಪಿನೊಳಗೇ ಹೋಗಿ ಅದೂ ಹಾಳು. ಜೀಪಿನಲ್ಲಿ ಇನ್ನೊಂದು ಸಿಲಿಂಡರಿದೆ, ಚೀಲದಲ್ಲಿ ಇನ್ನೊಂದು ಹೋಸಿದೆ. "ಇನ್ನು ಹತ್ತು ಹದಿನೈದು ನಿಮಿಷದ ಕೆಲ್ಸ. ಬಲಗೈ ಸರಿ ಇದೆ, ಚಾಕು ಹಿಡೀಬಹುದು. ಹೋಸು ಹಾಕಕ್ಕೆ ಮಾತ್ರ ಎರಡು ಕೈ ಬೇಕು" ಎಂದು ರೇಣುಕಪ್ಪನ ಕಡೆ ತಿರುಗಿದ. "ರೇಣುಕಪ್ಪಣ್ಣ, ನೀವೇ ಹಾಕಿ."

ತಿಮ್ಮಪ್ಪನವರು ಸರ್ರನೆ ತಿರುಗಿದರು. "ತಲೆ ಕೆಟ್ಟಿದ್ಯಾ ನಿಂಗೆ? ಬೇಡ ಅಂದ್ರೆ ಬೇಡ!"

"ಮತ್ಯಾರು ಹಾಕ್ತಾರೆ ಅಪ್ಪಯ್ಯ, ನೀನಾ? ಎಷ್ಟು ಎಳೆದ್ರೆ ಮುರಿಯುತ್ತೆ ಅಂತ ಇವತ್ತು ಇಲ್ಲಿ ಗೊತ್ತಿರೋದು ಇವ್ರೊಬ್ರಿಗೇ."

ರೇಣುಕಪ್ಪ "ನನ್ ಕೈಯಲ್ಲಿ ಆಗಲ್ಲಪ್ಪ" ಎಂದು ಹಿಂದೆ ಸರಿದ. ನಾನು ಅವನ ರಟ್ಟೆ ಹಿಡಿದು ತಂದು ವೈಸಿನ ಮುಂದೆ ನಿಲ್ಲಿಸಿದೆ. ಸಿಟ್ಟು ನನಗಿನ್ನೂ ಇಳಿದಿರಲಿಲ್ಲ.

ಮುರಿದು ಒಳಗೇ ಉಳಿದಿದ್ದ ತುಂಡನ್ನು ಅವನು ಮೂರು ಮೂಲೆಯ ಅರದ ತುದಿ ಕೊಟ್ಟು ನಾಜೂಕಾಗಿ ತಿರುಗಿಸಿ ತೆಗೆದ. ರಾಕೇಶ ಟಾರ್ಚ್ ಬಿಟ್ಟು ಒಳಗಿನ ಥ್ರೆಡ್ಡು ನೋಡಿದ, ಏನೂ ಆಗಿರಲಿಲ್ಲ. ಟೇಪಿನ ಚೂರನ್ನೆಲ್ಲ ಒರೆಸಿ ತೆಗೆಸಿದ. ಹೊಸ ಹೋಸಿನ ಬುಡದಲ್ಲಿ ಕಡಲೆಕಾಳಿನಷ್ಟಗಲದ ಒಂದು ಕಪ್ಪು ರಬ್ಬರ್ ರಿಂಗಿತ್ತು. ಅದನ್ನು ತೋರಿಸಿ ಹೇಳಿದ. "ಗಾಳಿ ಹಿಡಿಯೋದು ಈ ರಬ್ಬರು, ರೇಣುಕಪ್ಪಣ್ಣ. ಹಿತ್ತಾಳೆ ಅಲ್ಲ, ನಿಮ್ಮ ತೋಳೂ ಅಲ್ಲ. ಟೇಪ್ ಬೇಡವೇ ಬೇಡ. ಮೊದ್ಲು ಬೆರಳಲ್ಲೇ ತಿರುಗಿಸಿ, ತಾನಾಗಿ ನಿಲ್ಲೋ ತನಕ. ಆಮೇಲೆ ಸ್ಪ್ಯಾನರ್, ತಲೆ ಹತ್ರ ಎರಡೇ ಬೆರಳಲ್ಲಿ ಹಿಡೀರಿ. ಕೂತ್ಕೊಂಡಿದ್ದು ಕೈಗೆ ತಿಳಿಯುತ್ತೆ. ಅಲ್ಲಿಗೆ ಬಿಟ್ಬಿಡಿ."

ಬೆರಳಲ್ಲೇ ತಿರುಗಿಸುವುದು! ಸೀತೂರಿನ ತೋಟದಲ್ಲಿ ಇಪ್ಪತ್ನಾಲ್ಕು ವರ್ಷದ ಹಿಂದೆ ಮಾಡಿದ್ದು ಅದನ್ನೇ. ಹುಡುಗನಿಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ರೇಣುಕಪ್ಪನ ಬೆರಳಿಗೆ ಥ್ರೆಡ್ಡು ಎರಡು ಸಲ ತಪ್ಪಿತು. ಮೂರನೆಯ ಸಲ ಕೂತಿತು. ತಿರುಗಿಸಿದ, ನಿಂತಿತು. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಸ್ಪ್ಯಾನರು ಹಿಡಿದು ಸ್ವಲ್ಪವೇ ಒತ್ತಿದ. "ಬಿಡಿ" ಎಂದ ರಾಕೇಶ. ಬಿಟ್ಟ. ಒಂದು ಸಲವಾದರೂ ಇನ್ನೊಂದು ಚೂರು ಒತ್ತಲು ಅವನ ಮೈಯೆಲ್ಲ ಮುಂದಕ್ಕೆ ಬಾಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಹಸಿದವನ ಎದುರಿನಿಂದ ತಟ್ಟೆ ಎಳೆದಂತಿತ್ತು.

ಹೊಸ ಸಿಲಿಂಡರಿಗೆ ಹಾಕಿ, ಗಾಳಿ ಬಿಟ್ಟು, ಬಕೆಟ್ ನೀರಿನಲ್ಲಿ ಮುಳುಗಿಸಿ ನೋಡಿದೆವು. ಒಂದು ಗುಳ್ಳೆಯೂ ಇಲ್ಲ. ರೇಣುಕಪ್ಪ ಸ್ಪ್ಯಾನರನ್ನು ನನ್ನ ಕೈಗೆ ತುರುಕಿದ.

"ಇದು ನಿನ್ ಹತ್ರ ಇರ್ಲಿ ರಮಣ. ನಾನು ಕೇಳಿದ್ರೂ ಕೊಡ್ಬೇಡ."

ಕೇಳದೇ ಇರುತ್ತಾನೆಯೇ? ರಾಕೇಶ ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ನನ್ನ ಅಂಗಿ ಹಿಡಿದುಕೊಂಡ. "ಕೊಡೋ ಮಾರಾಯ. ಒಂದೇ ಸಲ ಮುಟ್ಟಿ ನೋಡ್ತೀನಿ. ಸಡ್ಲ ಇದೆ ಕಣೋ ಅದು, ನಂಗೆ ಗೊತ್ತು, ಸಡ್ಲ ಇದೆ."

"ಇಲ್ಲ."

"ನಿನ್ ಕಾಲಿಗೆ ಬೀಳ್ತೀನಿ."

ನನಗಿಂತ ಎಂಟು ವರ್ಷ ದೊಡ್ಡವನು. ನನ್ನ ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಆಗ ಕರಗಿತು, ಅದರ ಜಾಗಕ್ಕೆ ಅವನ ಹೆದರಿಕೆಯೇ ಬಂದು ಕೂತಿತು. ನಿಜ ಹೇಳುತ್ತೇನೆ, ಸ್ಪ್ಯಾನರು ಕೊಟ್ಟುಬಿಡೋಣ ಅನ್ನಿಸಿತು. ಎರಡು ಬೆರಳಲ್ಲಿ ಬಿಗಿದದ್ದರ ಮೇಲೆ ಒಂದು ಜೀವವನ್ನು ಮೂವತ್ತೈದು ಅಡಿ ಕೆಳಗೆ ಕಳಿಸುವುದೆಂದರೆ ಏನು! ಆದರೂ ಕೊಡಲಿಲ್ಲ. ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದರ ಬದಲು ಹಗ್ಗವನ್ನು ಅವನ ಕೈಗೆ ಕೊಟ್ಟೆ. "ಹಿಡ್ಕೋ. ಇದನ್ನ ಬಿಗಿಯಾಗಿ ಹಿಡ್ಕೋ, ಯಾರೂ ಬೇಡ ಅನ್ನಲ್ಲ."

ರಾಕೇಶ ಮುಳುಗಿದ. ಗುಳ್ಳೆ ಬಂದವು. ರೇಣುಕಪ್ಪ ಬಾವಿಯ ಕಟ್ಟೆಗೆ ಮೊಣಕಾಲು ಒತ್ತಿ, ಹಗ್ಗವನ್ನು ಎರಡು ಕೈಯಲ್ಲೂ ಸುತ್ತಿಕೊಂಡು ಕೂತ. ಎರಡು ಗುಳ್ಳೆಗುಂಪುಗಳ ನಡುವೆ ಸ್ವಲ್ಪ ತಡವಾದರೆ ಅವನ ಉಸಿರೂ ನಿಲ್ಲುತ್ತಿತ್ತು. ಗುಳ್ಳೆ ಬಂದರೆ ಅವನೂ ಉಸಿರು ಬಿಡುತ್ತಿದ್ದ. ಐದು ನಿಮಿಷಕ್ಕೆ ಒಂದು ಎಳೆತ. ಹತ್ತು ನಿಮಿಷಕ್ಕೆ ಇನ್ನೊಂದು. ಹದಿಮೂರನೆಯ ನಿಮಿಷದಲ್ಲಿ ಗುಳ್ಳೆಗಳು ದಟ್ಟವಾಗಿ, ಒಂದರ ಮೇಲೊಂದು ಬಂದವು. ತಿಮ್ಮಪ್ಪನವರು ಜೀಪು ಬಿಟ್ಟು ಓಡಿಬಂದರು. ನಾನು ಗಡಿಯಾರ ನೋಡುವುದನ್ನು ನಿಲ್ಲಿಸಿದೆ. ಹುಡುಗ ಏನೋ ಎತ್ತಿ ಎಳೆಯುತ್ತಾ ಏದುಸಿರು ಬಿಡುತ್ತಿದ್ದನಂತೆ, ಆಮೇಲೆ ಹೇಳಿದ. ನಮಗೇನು ಗೊತ್ತು? ನಾವು ಮೂವರೂ ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಅವನನ್ನು ಒಂದು ಸಲ ಕಳೆದುಕೊಂಡೆವು.

ಹದಿನೇಳನೆಯ ನಿಮಿಷದಲ್ಲಿ ಹಗ್ಗ ನಾಲ್ಕು ಸಲ ಅಲುಗಿತು. ಎಳೆದೆವು. ಮೊದಲು ತಲೆ ಬಂತು, ಬಾಯಲ್ಲಿ ಮೂತಿ ಇನ್ನೂ ಕಚ್ಚಿಕೊಂಡೇ ಇತ್ತು. ಹಿಂದೆಯೇ ಕೆಸರು ಮೆತ್ತಿದ ಬಲೆಯ ದೊಡ್ಡ ಗಂಟು. ರಾಕೇಶ ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ಕೂತು, ಮೂತಿ ತೆಗೆದು, "ಗಾಳಿಗೇನೂ ತೊಂದ್ರೆ ಆಗ್ಲಿಲ್ಲ, ರೇಣುಕಪ್ಪಣ್ಣ" ಎಂದ. ಸೋಮಶೇಖರಪ್ಪನವರು ಪಂಪು ಹಾಕು ಪಂಪು ಹಾಕು ಎಂದು ನನ್ನ ಬೆನ್ನು ತಟ್ಟಿದರು. ಜನ ಬಲೆಯ ಸುತ್ತ ಸೇರಿದರು.

ರೇಣುಕಪ್ಪ ಕೂತಲ್ಲಿಂದ ಏಳಲಿಲ್ಲ. ಹಗ್ಗದ ಆ ತುದಿಯಲ್ಲಿ ಈಗ ಯಾರೂ ಇರಲಿಲ್ಲ. ಆದರೂ ಅವನ ಮುಷ್ಟಿ ಬಿಟ್ಟಿರಲಿಲ್ಲ. "ಬಿಡೋ" ಎಂದೆ. "ಬಿಡಕ್ಕಾಗ್ತಿಲ್ಲ ಕಣೋ" ಎಂದ. ಬೆರಳಿನ ಗೆಣ್ಣುಗಳು ಬಿಳಿಚಿಕೊಂಡು ಮರಗಟ್ಟಿದ್ದವು.

ಆಗ ತಿಮ್ಮಪ್ಪನವರು ಬಂದರು. ಅಷ್ಟು ಹೊತ್ತೂ ಅವನ ಕಡೆ ತಿರುಗಿ ನೋಡದಿದ್ದವರು ಅವನ ಎದುರು ಕುಕ್ಕರುಗಾಲಿನಲ್ಲಿ ಕೂತು, ಆ ಮುಷ್ಟಿಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಕಿರುಬೆರಳು, ಉಂಗುರ ಬೆರಳು, ನಡುಬೆರಳು.

"ಬಂದ, ರೇಣುಕಪ್ಪ್ನೋರೆ" ಎನ್ನುತ್ತಿದ್ದರು, ಮಗುವಿಗೆ ಹೇಳುವಂತೆ. "ಮೇಲೆ ಬಂದ. ಇಲ್ಲೇ ಕೂತಿದಾನೆ ನೋಡಿ. ಇನ್ನು ಬಿಡಿ."

ಹಗ್ಗ ಕೆಳಗೆ ಬಿತ್ತು. ಇಬ್ಬರೂ ಅಲ್ಲೇ, ಎಲ್ಲರ ಎದುರಿಗೇ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು. ನಾನು ಪಂಪು ಹಾಕಲು ಒಳಗೆ ಹೋದೆ. ಎಷ್ಟೋ ವರ್ಷದಿಂದ ಕಣ್ಣು ಮುಚ್ಚಿ ಒತ್ತುತ್ತಿದ್ದ ಸ್ವಿಚ್ಚು, ಅವತ್ತು ಎಷ್ಟು ತಡಕಿದರೂ ಕೈಗೆ ಸಿಗಲಿಲ್ಲ.